ಕಿವಿನೋವು ಹೋಯಿತು, ಸರಿ. ಕೇಳಿಸುವುದು ವಾಪಸ್ ಬಂತೇ? ನಡುಕಿವಿಯ ಸೋಂಕಿನ ಬಗ್ಗೆ ಗಲ್ಫ್ ಕುಟುಂಬಗಳು ತಿಳಿದಿರಬೇಕಾದ ಮಾಹಿತಿ

ಮಗುವಿಗೆ ಶೀತ ಆಗುತ್ತದೆ. ಮೂರ್ನಾಲ್ಕು ದಿನ ಕಳೆದು ರಾತ್ರಿ ಹೊತ್ತಿಗೆ ಕಿವಿ ಹಿಡಿದುಕೊಂಡು ಅಳಲು ಶುರು ಮಾಡುತ್ತದೆ. ಬೆಳಿಗ್ಗೆ ನೋಡಿದರೆ ದಿಂಬಿನ ಮೇಲೆ ಹಳದಿ ಕಲೆ, ಕಿವಿಯಿಂದ ಕೀವು. ಆದರೆ ನೋವು ಮಾಯ. ಮಗು ಆಟಕ್ಕೆ ಓಡುತ್ತದೆ, ಮನೆಯವರು "ಸದ್ಯ, ಒಡೆದು ಹೋಯಿತು" ಅಂತ ಸಮಾಧಾನ ಮಾಡಿಕೊಳ್ಳುತ್ತಾರೆ. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಕಿವಿಯ ಕಥೆ ಅಲ್ಲಿಗೆ ಮುಗಿಯುತ್ತದೆ.

ನಿಜವಾಗಿ ಮುಗಿದಿರುವುದು ನೋವು ಮಾತ್ರ. ನೋವು ಹೋದ ಮೇಲೂ ಕಿವಿಯ ಒಳಗೆ ನೀರು ಅಥವಾ ಅಂಟು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯಬಹುದು. ಅಷ್ಟು ದಿನವೂ ಮಗುವಿಗೆ ಕೇಳಿಸುವುದು ಅರೆಬರೆ. ನೋವಿಲ್ಲದ ಕಾರಣ ಯಾರೂ ಗಮನಿಸುವುದಿಲ್ಲ.

ನಾನು ಡಾಕ್ಟರ್ ಅಲ್ಲ, ಲೆಕ್ಕಪತ್ರ ನೋಡುವವನು. ಸ್ಟಾಫಿನ ಮೆಡಿಕಲ್ ಇನ್ಶೂರೆನ್ಸ್ ಬಿಲ್ಲುಗಳು ನನ್ನ ಟೇಬಲ್ ದಾಟಿ ಹೋಗುತ್ತವೆ. ಮಕ್ಕಳ ಬಿಲ್ಲುಗಳಲ್ಲಿ ಕಿವಿನೋವಿನ ಔಷಧಿ ಮತ್ತೆ ಮತ್ತೆ ಕಾಣುತ್ತದೆ. ಅದರ ಹಿಂದೆ ಬರಬೇಕಾದ ಕಿವಿ ಪರೀಕ್ಷೆಯ ಬಿಲ್ ಮಾತ್ರ ಅಪರೂಪ. ಈ ಲೇಖನ ಹೇಳುವುದು ಮುಖ್ಯವಾಗಿ ಒಂದೇ ಮಾತು: ಕಿವಿ ಸೋಂಕಿನ ಲೆಕ್ಕವನ್ನು ನೋವು ನಿಂತ ದಿನ ಮುಚ್ಚಬೇಡಿ, ಕೇಳಿಸುವುದು ಸರಿಯಾಗಿದೆ ಅಂತ ಖಾತ್ರಿಯಾದ ಮೇಲೆ ಮುಚ್ಚಿ.

ನಡುಕಿವಿ ಅಂದರೆ ಯಾವುದು?

ಕಿವಿಗೆ ಮೂರು ಭಾಗ. ನಮಗೆ ಕಾಣುವ ಹಾಲೆ ಮತ್ತು ತೂತು ಹೊರಕಿವಿ. ತೂತಿನ ಕೊನೆಗೆ ತೆಳುವಾದ ಪರದೆ ಇದೆ, ಅದೇ ಕಿವಿತಮಟೆ. ಅದರ ಅಗಲ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಕಡಿಮೆ. ತಮಟೆಯ ಹಿಂದೆ ಗಾಳಿ ತುಂಬಿದ ಸಣ್ಣ ಕೋಣೆ, ಅದು ನಡುಕಿವಿ. ಅದಕ್ಕೂ ಹಿಂದೆ ಬಸವನಹುಳದ ಚಿಪ್ಪಿನ ಆಕಾರದ ಒಳಕಿವಿ. ಅಲ್ಲಿಂದ ನರ ಮೆದುಳಿಗೆ ಹೋಗುತ್ತದೆ.

ನಡುಕಿವಿಯಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಅಂತ ಮೂರು ಪುಟ್ಟ ಎಲುಬುಗಳು ಕೊಂಡಿಯ ಹಾಗೆ ಒಂದಕ್ಕೊಂದು ಸೇರಿಕೊಂಡಿವೆ. ರಿಕಾಪು ಎಲುಬಿನ ಉದ್ದ ಮೂರು ಮಿಲಿಮೀಟರಿನಷ್ಟು. ನಮ್ಮ ಇಡೀ ದೇಹದಲ್ಲಿ ಅತಿ ಸಣ್ಣ ಎಲುಬು ಅದೇ. ಸದ್ದು ತಮಟೆಗೆ ಬಡಿದಾಗ ತಮಟೆ ಅಲುಗುತ್ತದೆ, ಎಲುಬುಗಳು ಅಲುಗುತ್ತವೆ, ಆ ಅಲುಗಾಟ ಒಳಕಿವಿಗೆ ಮುಟ್ಟುತ್ತದೆ. ಇದು ನಡೆಯಬೇಕಾದರೆ ಕೋಣೆಯಲ್ಲಿ ಗಾಳಿಯೇ ಇರಬೇಕು. ಅಲ್ಲಿ ನೀರು ಅಥವಾ ಕೀವು ತುಂಬಿದರೆ ತಮಟೆ ಸರಿಯಾಗಿ ಅಲುಗುವುದಿಲ್ಲ. ಒದ್ದೆ ಬಟ್ಟೆ ಮುಚ್ಚಿದ ಚೆಂಡೆಯನ್ನು ಬಾರಿಸಿದ ಹಾಗೆ.

ಆ ಕೋಣೆಗೆ ಗಾಳಿ ಬರುವುದು ಮೂಗಿನ ಹಿಂಭಾಗದಿಂದ ಬರುವ ಸಣ್ಣ ಕೊಳವೆಯ ಮೂಲಕ. ಇದನ್ನು ಯೂಸ್ಟೇಶಿಯನ್ ಟ್ಯೂಬ್ ಅನ್ನುತ್ತಾರೆ. ನಾವು ಉಗುಳು ನುಂಗಿದಾಗ, ಆಕಳಿಸಿದಾಗ ಅದು ತೆರೆದುಕೊಳ್ಳುತ್ತದೆ. ದೊಡ್ಡವರಲ್ಲಿ ಇದರ ಉದ್ದ ಸುಮಾರು ಮೂರೂವರೆ ಸೆಂಟಿಮೀಟರ್, ಇಳಿಜಾರಾಗಿರುತ್ತದೆ. ಎಳೆ ಮಕ್ಕಳಲ್ಲಿ ಹೆಚ್ಚುಕಡಿಮೆ ಅದರ ಅರ್ಧ, ಮೇಲಾಗಿ ಅಡ್ಡಡ್ಡವಾಗಿರುತ್ತದೆ. ಮೂಗಿನ ಸೋಂಕು ಮಕ್ಕಳ ಕಿವಿಗೆ ಬೇಗ ಏರುವುದಕ್ಕೂ, ಒಳಗೆ ನಿಂತ ನೀರು ಬೇಗ ಇಳಿಯದಿರುವುದಕ್ಕೂ ಇದೇ ಕಾರಣ. ಕಿವಿ ಸೋಂಕು ಹೆಚ್ಚಾಗಿ ಶುರುವಾಗುವುದು ಮೂಗಿನಿಂದ ಅಂತ ನೆನಪಿಟ್ಟುಕೊಂಡರೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ.

ಮೂರು ಬಗೆ, ಮೂರು ಚಿಕಿತ್ಸೆ

ಡಾಕ್ಟರ ಚೀಟಿಯಲ್ಲಿ ಬರುವ ಹೆಸರುಗಳನ್ನು ಬೇರೆ ಬೇರೆಯಾಗಿ ತಿಳಿದುಕೊಳ್ಳಿ. ಒಂದಕ್ಕೆ ಕೊಡುವ ಔಷಧಿ ಇನ್ನೊಂದಕ್ಕೆ ಕೆಲಸ ಮಾಡುವುದಿಲ್ಲ.

1. ಎಓಎಂ, ಅಂದರೆ ಅಕ್ಯೂಟ್ ಓಟೈಟಿಸ್ ಮೀಡಿಯಾ. ಇದು ಹಠಾತ್ ಬರುವ ಸೋಂಕು. ನೋವು, ಜ್ವರ, ರಾತ್ರಿ ನಿದ್ದೆ ಇಲ್ಲ, ಎಳೆ ಮಗುವಾದರೆ ಕಿವಿ ಎಳೆದುಕೊಳ್ಳುತ್ತದೆ, ಹಾಲು ಬಿಡುತ್ತದೆ. ಆರು ತಿಂಗಳಿಂದ ಎರಡು ವರ್ಷದವರೆಗಿನ ಮಕ್ಕಳಲ್ಲಿ ಅತಿ ಹೆಚ್ಚು. ಮೂರು ವರ್ಷ ತುಂಬುವುದರೊಳಗೆ ಹೆಚ್ಚಿನ ಮಕ್ಕಳಿಗೆ ಒಮ್ಮೆಯಾದರೂ ಬಂದುಹೋಗುತ್ತದೆ. ಒಳಗಿನ ಒತ್ತಡ ಜಾಸ್ತಿಯಾದರೆ ತಮಟೆಯಲ್ಲಿ ಸಣ್ಣ ತೂತಾಗಿ ಕೀವು ಹೊರಗೆ ಬರುತ್ತದೆ. ಒತ್ತಡ ಇಳಿದ ಕೂಡಲೇ ನೋವೂ ಇಳಿಯುತ್ತದೆ. ಈ ತೂತು ಬಹುಪಾಲು ಮಕ್ಕಳಲ್ಲಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಕೆಲವರಲ್ಲಿ ಮುಚ್ಚುವುದಿಲ್ಲ.

2. ಓಎಂಇ, ಜನಬಳಕೆಯಲ್ಲಿ ಗ್ಲೂ ಇಯರ್. ಅಂಟುಕಿವಿ ಅನ್ನೋಣ. ಸೋಂಕಿಲ್ಲ, ನೋವಿಲ್ಲ, ಜ್ವರ ಇಲ್ಲ. ನಡುಕಿವಿಯಲ್ಲಿ ನೀರು ಅಥವಾ ಅಂಟು ಮಾತ್ರ ನಿಂತಿರುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2013ರ ಮಾರ್ಗಸೂಚಿಯಲ್ಲಿ ಕೊಟ್ಟ ಲೆಕ್ಕ ನೋಡಿ: ಎಓಎಂ ಚಿಕಿತ್ಸೆ ಯಶಸ್ವಿಯಾದ ಮಕ್ಕಳಲ್ಲೂ ಎರಡು ವಾರದ ಹೊತ್ತಿಗೆ ಶೇ. 60ರಿಂದ 70 ಮಂದಿಯ ಕಿವಿಯಲ್ಲಿ ನೀರು ಉಳಿದಿರುತ್ತದೆ. ಒಂದು ತಿಂಗಳಿಗೆ ಶೇ. 40. ಮೂರು ತಿಂಗಳಿಗೆ ಶೇ. 10ರಿಂದ 25. ಅಂದರೆ ಹೆಚ್ಚಿನವರದು ತಾನಾಗಿಯೇ ಇಳಿಯುತ್ತದೆ, ಗಾಬರಿ ಬೇಡ. ಆದರೆ ಮೂರು ತಿಂಗಳಾದರೂ ಇಳಿಯದ ಮಕ್ಕಳು ಹತ್ತಕ್ಕೆ ಒಬ್ಬರಾದರೂ ಇರುತ್ತಾರೆ. ಆ ಒಬ್ಬರು ನಮ್ಮ ಮನೆಯಲ್ಲಿದ್ದಾರೋ ಇಲ್ಲವೋ ಅಂತ ನೋಡಿಕೊಳ್ಳಬೇಕಾದವರು ನಾವೇ.

3. ಸಿಎಸ್‌ಓಎಂ, ಅಂದರೆ ಊರಿನ ಭಾಷೆಯಲ್ಲಿ ಸೋರುವ ಕಿವಿ. ತಮಟೆಯ ತೂತು ಮುಚ್ಚದೆ, ಎರಡು ವಾರಕ್ಕಿಂತ ಹೆಚ್ಚು ಕಾಲ ಅಥವಾ ಮತ್ತೆ ಮತ್ತೆ ಕೀವು ಬರುವುದು. ಇದರಲ್ಲೂ ಎರಡು ಬಗೆ. ಒಂದರಲ್ಲಿ ನೀರಿನಂಥ, ವಾಸನೆ ಕಡಿಮೆ ಇರುವ ಸ್ರಾವ ಬರುತ್ತದೆ. ಇನ್ನೊಂದರಲ್ಲಿ ಸ್ವಲ್ಪವೇ ಸ್ರಾವ, ಆದರೆ ಕೆಟ್ಟ ದುರ್ವಾಸನೆ. ಈ ಎರಡನೆಯದರಲ್ಲಿ ಕೊಲೆಸ್ಟಿಯಾಟೋಮ ಅನ್ನುವ ಚರ್ಮದ ಗಂಟು ನಡುಕಿವಿಯಲ್ಲಿ ಬೆಳೆದು ಸುತ್ತಲಿನ ಎಲುಬನ್ನು ತಿನ್ನುತ್ತಾ ಹೋಗುತ್ತದೆ. ಮುಖದ ಒಂದು ಬದಿ ಸೊಟ್ಟಗಾಗುವುದು, ತಲೆಸುತ್ತು, ಮೆದುಳಿಗೆ ಸೋಂಕು, ಇಷ್ಟರವರೆಗೂ ಹೋಗಬಹುದು. "ಹುಟ್ಟಿದಾಗಿನಿಂದ ಸೋರುತ್ತದೆ, ದೊಡ್ಡವನಾದ ಮೇಲೆ ಸರಿಹೋಗುತ್ತದೆ" ಅನ್ನುವ ಮಾತನ್ನು ನಂಬಿ ಕೂರಬೇಡಿ.

ಕೇಳಿಸುವುದು ಎಷ್ಟು ಕಡಿಮೆಯಾಗುತ್ತದೆ? ಡೆಸಿಬಲ್ ಲೆಕ್ಕ

ಕೇಳಿಸುವಿಕೆಯನ್ನು ಅಳೆಯುವುದು ಡೆಸಿಬಲ್‌ನಲ್ಲಿ. ಪಿಸುಮಾತು ಸುಮಾರು 30 ಡೆಸಿಬಲ್, ಎದುರು ಕೂತು ಆಡುವ ಮಾತು ಸುಮಾರು 60. ಇದು ನಮ್ಮ ಕೂಡುವ-ಕಳೆಯುವ ಲೆಕ್ಕದ ಹಾಗಲ್ಲ. ಪ್ರತಿ 10 ಡೆಸಿಬಲ್‌ಗೆ ಸದ್ದಿನ ಶಕ್ತಿ ಹತ್ತು ಪಟ್ಟು ಬದಲಾಗುತ್ತದೆ. 30 ಡೆಸಿಬಲ್ ಅಂದರೆ ಸಾವಿರ ಪಟ್ಟು.

ವಿಶ್ವ ಆರೋಗ್ಯ ಸಂಸ್ಥೆ 2021ರ ವರದಿಯಲ್ಲಿ ಕೊಟ್ಟ ವಿಂಗಡಣೆ ಹೀಗಿದೆ:

- 20 ಡೆಸಿಬಲ್‌ಗಿಂತ ಕಡಿಮೆ ಸದ್ದೂ ಕೇಳಿಸಿದರೆ: ಸಾಮಾನ್ಯ
- 20ರಿಂದ 35: ಸ್ವಲ್ಪ ನಷ್ಟ
- 35ರಿಂದ 50: ಮಧ್ಯಮ
- 50ರಿಂದ 65: ಮಧ್ಯಮಕ್ಕಿಂತ ಹೆಚ್ಚು
- 65ರಿಂದ 80: ತೀವ್ರ
- 80ರ ಮೇಲೆ: ಅತಿ ತೀವ್ರ

ಅಂಟುಕಿವಿಯಿಂದ ಆಗುವ ನಷ್ಟ ಸರಾಸರಿ 25ರಿಂದ 30 ಡೆಸಿಬಲ್. ಪಟ್ಟಿಯಲ್ಲಿ ನೋಡಿದರೆ "ಸ್ವಲ್ಪ". ಆದರೆ ಟೀಚರ್ ಆಡುವ 60 ಡೆಸಿಬಲ್ ಮಾತಿನಲ್ಲಿ 30 ಹೋದರೆ ಆ ಮಗುವಿಗೆ ಮುಟ್ಟುವುದು ಪಿಸುಮಾತಿನಷ್ಟು. ತರಗತಿಯಲ್ಲಿ ಫ್ಯಾನ್ ತಿರುಗುತ್ತದೆ, ನಲವತ್ತು ಮಕ್ಕಳು ಗಲಾಟೆ ಮಾಡುತ್ತಾರೆ, ಅದರ ನಡುವೆ ಹಿಂದಿನ ಬೆಂಚಿನಲ್ಲಿ ಕೂತು ಇಡೀ ದಿನ ಪಿಸುಮಾತು ಕೇಳುವುದು ಅಂದರೆ ಏನು ಅಂತ ಯೋಚಿಸಿ. ಸ, ಶ, ತ, ಪ, ಕ ಇಂಥ ಮೆಲುವಾದ ಅಕ್ಷರಗಳು ಮೊದಲು ಕಳೆದುಹೋಗುತ್ತವೆ. "ತಲೆ" ಅಂದದ್ದು "ಕಲೆ" ಅಂತ ಕೇಳಿಸುತ್ತದೆ.

ಸೋರುವ ಕಿವಿಯಲ್ಲಿ ನಷ್ಟ ಇನ್ನೂ ಜಾಸ್ತಿಯಾಗಬಹುದು. ತೂತು ದೊಡ್ಡದಿದ್ದು, ಎಲುಬಿನ ಕೊಂಡಿಯೂ ಸವೆದರೆ 50-60 ಡೆಸಿಬಲ್‌ವರೆಗೆ ಹೋಗುತ್ತದೆ. ಒಂದು ಸಮಾಧಾನದ ವಿಷಯ ಇದೆ. ನಡುಕಿವಿಯ ನಷ್ಟ ಸದ್ದು ಸಾಗುವ ದಾರಿಯಲ್ಲಿ ಬಿದ್ದ ಅಡ್ಡಿ ಮಾತ್ರ, ಒಳಗಿನ ನರ ಚೆನ್ನಾಗಿರುತ್ತದೆ. ನೀರು ಇಳಿಸಿ, ತಮಟೆಗೆ ತೇಪೆ ಹಾಕಿ, ಎಲುಬಿನ ಕೊಂಡಿ ಸರಿಮಾಡಿ ಬಹಳಷ್ಟನ್ನು ವಾಪಸ್ ಪಡೆಯಬಹುದು. ವರ್ಷಗಟ್ಟಲೆ ಬಿಟ್ಟರೆ ಸೋಂಕು ಒಳಕಿವಿಗೂ ಹಾನಿ ಮಾಡಬಹುದು, ಆ ನಷ್ಟ ವಾಪಸ್ ಬರುವುದಿಲ್ಲ.

ಇಲ್ಲಿ ಕಾಗದದ ಲೆಕ್ಕವೂ ಒಂದಿದೆ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬಲ್ ನಷ್ಟ ಇದ್ದರೆ ಮಂದ ಶ್ರವಣ, 70 ಇದ್ದರೆ ಕಿವುಡು. 30 ಡೆಸಿಬಲ್ ಕಳೆದುಕೊಂಡ ಮಗು, ಅಥವಾ ಒಂದೇ ಕಿವಿಯಲ್ಲಿ 50 ಕಳೆದುಕೊಂಡ ಮಗು ಯಾವ ಸರ್ಟಿಫಿಕೇಟಿನ ಪಟ್ಟಿಗೂ ಬರುವುದಿಲ್ಲ. ಶಾಲೆಯ ದೃಷ್ಟಿಯಲ್ಲಿ ಅದು "ಗಮನ ಕೊಡದ ಮಗು", ಮನೆಯವರ ದೃಷ್ಟಿಯಲ್ಲಿ "ಹೇಳಿದ ಮಾತು ಕೇಳದ ಮಗು".

ಫೋನಿನಲ್ಲೇ ಗೊತ್ತಾಗುವ ಲಕ್ಷಣಗಳು

ನಮ್ಮಲ್ಲಿ ಅನೇಕರು ಮಕ್ಕಳನ್ನು ನೋಡುವುದು ವಾರಕ್ಕೆರಡು ಸಲ ವೀಡಿಯೋ ಕಾಲ್‌ನಲ್ಲಿ. ದೂರ ಇದ್ದರೂ ಕೆಲವು ವಿಷಯ ಅಪ್ಪನಿಗೇ ಮೊದಲು ಗೊತ್ತಾಗಬಹುದು:

- ಮಗು ಫೋನನ್ನು ಯಾವಾಗಲೂ ಒಂದೇ ಕಿವಿಗೆ ಹಿಡಿಯುತ್ತದೆ. ಇನ್ನೊಂದಕ್ಕೆ ಹಿಡಿ ಅಂದರೆ "ಕೇಳಿಸ್ತಿಲ್ಲ ಪಪ್ಪಾ" ಅನ್ನುತ್ತದೆ.
- ಮುಖ ಕಾಣುವಾಗ ಚೆನ್ನಾಗಿ ಉತ್ತರ ಕೊಡುತ್ತದೆ. ಕ್ಯಾಮರಾ ಆಫ್ ಆದರೆ "ಹಾಂ? ಏನು?" ಜಾಸ್ತಿಯಾಗುತ್ತದೆ. ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿರಬಹುದು.
- ಹಿನ್ನೆಲೆಯಲ್ಲಿ ಟಿವಿ ಸದ್ದು ಮೊದಲಿಗಿಂತ ಜೋರು.
- ಎರಡು ವರ್ಷದ ಮಗು ಹೊಸ ಮಾತು ಕಲಿಯುವುದು ನಿಂತಿದೆ, ಅಥವಾ ಮಾತು ಅಸ್ಪಷ್ಟವಾಗಿದೆ.
- ಶಾಲೆಯಲ್ಲಿ ನೋಡಿ ಬರೆಯುವುದು ಸರಿಯಾಗಿದೆ, ಉಕ್ತಲೇಖನದಲ್ಲಿ ಮಾತ್ರ ತಪ್ಪು.
- ಶೀತ ಇದ್ದಾಗ ಕೇಳಿಸುವುದಿಲ್ಲ, ಶೀತ ಹೋದಾಗ ಸರಿ. ಇದನ್ನು ನೋಡಿ ಮನೆಯವರು "ಬೇಕಂತಲೇ ಮಾಡುತ್ತಾನೆ" ಅಂದುಕೊಳ್ಳುತ್ತಾರೆ. ಹೀಗೆ ಬಂದು ಹೋಗುವುದೇ ಅಂಟುಕಿವಿಯ ಗುಣ.

ಇವುಗಳಲ್ಲಿ ಒಂದೆರಡು ಹೊಂದಿದರೂ ಬೈಯುವ ಮೊದಲು ಕಿವಿ ತೋರಿಸಲು ಹೇಳಿ.

ಆಂಟಿಬಯೋಟಿಕ್ ಯಾವಾಗ ಬೇಕು? ಕರ್ನಿ ಮೆಸಾದಲ್ಲಿ ಏನು ಮಾಡುತ್ತಾರೆ?

ನಮ್ಮ ಓದುಗರಲ್ಲಿ ಕೆಲವರ ಅಣ್ಣ-ತಮ್ಮ, ಅಕ್ಕ-ತಂಗಿಯರು ಅಮೆರಿಕದಲ್ಲಿದ್ದಾರೆ. ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡುವುದಕ್ಕೋ ಅಲ್ಲಿಗೆ ಹೋದ ಅಜ್ಜಿಯರು ವಾಪಸ್ ಬಂದು ಹೇಳುವ ಒಂದು ದೂರು ಇದೆ: "ಮಗು ಕಿವಿನೋವಿಂದ ಅಳುತ್ತಿದ್ದರೂ ಡಾಕ್ಟರ್ ಔಷಧಿಯೇ ಕೊಡಲಿಲ್ಲ." ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ನಗರದ ಕರ್ನಿ ಮೆಸಾ ಬಡಾವಣೆಯನ್ನೇ ತೆಗೆದುಕೊಳ್ಳಿ. ಕಾನ್‌ವಾಯ್ ಸ್ಟ್ರೀಟಿನ ಏಷ್ಯನ್ ಹೋಟೆಲು-ಅಂಗಡಿಗಳಿಗೆ ಹೆಸರಾದ ಜಾಗ. 1954ರಲ್ಲಿ ಶುರುವಾದ ಮಕ್ಕಳ ಆಸ್ಪತ್ರೆ, ಈಗಿನ ಹೆಸರು ರೇಡಿ ಚಿಲ್ಡ್ರನ್ಸ್, ಅದರ ಪಕ್ಕದಲ್ಲೇ ಇದೆ. ಅಂಥ ಊರಿನಲ್ಲೂ ಡಾಕ್ಟರು ಕಾಯಿರಿ ಅನ್ನುವುದು ಯಾಕೆ?

ಅಲ್ಲಿನ ಮಕ್ಕಳ ವೈದ್ಯರು ಪಾಲಿಸುವ ಕ್ರಮ ಹೀಗಿದೆ. ಆರು ತಿಂಗಳೊಳಗಿನ ಮಗು, ಕಿವಿಯಿಂದ ಕೀವು ಬರುತ್ತಿರುವ ಮಗು, 39 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿನ ಜ್ವರ ಇರುವ ಮಗು, ತೀವ್ರ ನೋವಿರುವ ಮಗು, ಎರಡು ವರ್ಷದೊಳಗಿದ್ದು ಎರಡೂ ಕಿವಿಗೆ ಸೋಂಕಾದ ಮಗು, ಇವರಿಗೆ ಆಂಟಿಬಯೋಟಿಕ್ ಕೂಡಲೇ. ಉಳಿದವರಿಗೆ ನೋವಿನ ಔಷಧಿ ಕೊಟ್ಟು 48ರಿಂದ 72 ಗಂಟೆ ಕಾದು ನೋಡಬಹುದು. ಕಡಿಮೆಯಾಗದಿದ್ದರೆ ಆಗ ಆಂಟಿಬಯೋಟಿಕ್. ಸಣ್ಣ ಸೋಂಕು ಅನೇಕ ಸಲ ತಾನಾಗಿಯೇ ವಾಸಿಯಾಗುತ್ತದೆ. ಬೇಡದ ಔಷಧಿಯಿಂದ ಭೇದಿ, ಅಲರ್ಜಿ, ಮುಂದೆ ಔಷಧಿಗೆ ಬಗ್ಗದ ರೋಗಾಣು.

ಆದರೆ "ಕಾಯಿರಿ" ಅಂದರೆ ಮರೆತುಬಿಡಿ ಅಂತಲ್ಲ. ಮೂರನೇ ದಿನ ಮತ್ತೆ ತೋರಿಸಲು ಸಾಧ್ಯ ಇದ್ದವರು ಮಾತ್ರ ಕಾಯಬೇಕು. ಡಾಕ್ಟರ ಹತ್ತಿರ ಹೋಗಲು ಎರಡು ಬಸ್ ಬದಲಿಸಬೇಕಾದ ಊರಿನವರು ಇದನ್ನು ಮೊದಲೇ ಡಾಕ್ಟರಿಗೆ ಹೇಳಿ. ಆಂಟಿಬಯೋಟಿಕ್ ಕೊಟ್ಟರೆ ಹೇಳಿದಷ್ಟು ದಿನ ಪೂರ್ತಿ ಹಾಕಿ. ಅರ್ಧಕ್ಕೆ ನಿಲ್ಲಿಸಿ ಉಳಿದ ಬಾಟಲಿಯನ್ನು ಮುಂದಿನ ಸಲಕ್ಕೆ ಎತ್ತಿಡಬೇಡಿ. ಮಕ್ಕಳಿಗೆ ಆಸ್ಪಿರಿನ್ ಬೇಡ.

ಅಂಟುಕಿವಿಗೆ ಆಂಟಿಬಯೋಟಿಕ್ ಆಗಲಿ, ಶೀತದ ಸಿರಪ್ ಆಗಲಿ ಪ್ರಯೋಜನವಿಲ್ಲ. ಮೂರು ತಿಂಗಳು ಕಾಯುವುದು, ಆಮೇಲೂ ನೀರಿದ್ದರೆ ಶ್ರವಣ ಪರೀಕ್ಷೆ ಮಾಡುವುದು, ಎರಡೂ ಕಿವಿಯಲ್ಲಿ ನೀರಿದ್ದು ಕೇಳಿಸುವುದು ಕಡಿಮೆಯಾಗಿದ್ದರೆ ತಮಟೆಯಲ್ಲಿ ಸಣ್ಣ ಕೊಳವೆ ಇಡುವುದು, ಇದು ಈಗಿನ ಕ್ರಮ. ಗ್ರೊಮೆಟ್ ಅನ್ನುವ ಈ ಕೊಳವೆ ಅಕ್ಕಿಕಾಳಿಗಿಂತ ಸಣ್ಣದು. ನಡುಕಿವಿಗೆ ಗಾಳಿ ಹೋಗಲು ಬೇರೊಂದು ಕಿಟಕಿ ತೆರೆದ ಹಾಗೆ. ಸಾಮಾನ್ಯವಾಗಿ ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ತಾನಾಗಿ ಬಿದ್ದುಹೋಗುತ್ತದೆ.

ಇಂದಿನ ರೀತಿಯ ಪ್ಲಾಸ್ಟಿಕ್ ಕೊಳವೆಯನ್ನು 1954ರಲ್ಲಿ ಬಳಕೆಗೆ ತಂದವರು ಅಮೆರಿಕದ ಡಾ. ಬೆವರ್ಲಿ ಆರ್ಮ್‌ಸ್ಟ್ರಾಂಗ್. ಲಾಸ್ ಏಂಜಲೀಸ್‌ನಲ್ಲಿ ಡಾ. ಹೊವಾರ್ಡ್ ಹೌಸ್ 1946ರಲ್ಲಿ ಕಟ್ಟಿದ ಕಿವಿ ಸಂಸ್ಥೆಯ ಬಳಗದ ಡಾ. ಜೇಮ್ಸ್ ಶೀಹಿ ಅವರ ಹೆಸರಿನ ಕೊಳವೆ ಈಗಲೂ ಬಳಕೆಯಲ್ಲಿದೆ. ಅದೇ ಬಳಗದ ಡಾ. ವಿಲಿಯಂ ಹೌಸ್ 1961ರಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಪ್ರಯೋಗ ಶುರು ಮಾಡಿದವರು. ಅದು ಒಳಕಿವಿಯೇ ಕೆಟ್ಟವರಿಗೆ. ನಡುಕಿವಿಯ ತೊಂದರೆಗೆ ಅಷ್ಟು ದೂರ ಹೋಗಬೇಕಾಗಿಲ್ಲ.

ಮನೆಯಲ್ಲಿ ಮಾಡಬಾರದ ಕೆಲಸಗಳು

- ಬಿಸಿ ತೆಂಗಿನೆಣ್ಣೆ, ಬೆಳ್ಳುಳ್ಳಿ ಎಣ್ಣೆ, ಸೊಪ್ಪಿನ ರಸ, ಎದೆಹಾಲು, ಯಾವುದನ್ನೂ ಕಿವಿಗೆ ಬಿಡಬೇಡಿ. ತಮಟೆ ತೂತಾಗಿದ್ದರೆ ಅದು ನೇರ ನಡುಕಿವಿಗೆ ಇಳಿಯುತ್ತದೆ. ಅಮ್ಮ, ಅತ್ತೆಯವರು ಪ್ರೀತಿಯಿಂದ ಮಾಡುವ ಕೆಲಸ ಇದು. ಸಮಾಧಾನವಾಗಿ ತಿಳಿಸಿ ಹೇಳಿ.
- ಬೆಂಕಿಕಡ್ಡಿ, ಹೇರ್‌ಪಿನ್, ಬಡ್ಸ್ ಹಾಕಬೇಡಿ. ರಸ್ತೆ ಬದಿ ಕಿವಿ ಕ್ಲೀನ್ ಮಾಡುವವರ ಹತ್ತಿರ ಹೋಗಬೇಡಿ. ಗುಗ್ಗೆ ತಾನಾಗಿ ಹೊರಗೆ ಬರುತ್ತದೆ.
- ಮೆಡಿಕಲ್ ಶಾಪಿನಲ್ಲಿ ಕೇಳಿ ಡ್ರಾಪ್ಸ್ ತರಬೇಡಿ. ಜೆಂಟಮೈಸಿನ್ ಜಾತಿಯ ಕೆಲವು ಡ್ರಾಪ್ಸ್ ತೂತಿನ ಮೂಲಕ ಒಳಕಿವಿಗೆ ಹೋದರೆ ನರಕ್ಕೆ ಹಾನಿಯಾಗಬಹುದು. ಸೋರುವ ಕಿವಿಗೆ ಡಾಕ್ಟರು ಸಾಮಾನ್ಯವಾಗಿ ಸಿಪ್ರೊಫ್ಲಾಕ್ಸಾಸಿನ್ ಜಾತಿಯದನ್ನು ಬರೆಯುತ್ತಾರೆ. ಕೀವು ಒರೆಸಿ ಕಿವಿ ಸ್ವಚ್ಛ ಮಾಡಿದ ಮೇಲೆ ಹಾಕಿದರೆ ಮಾತ್ರ ಅದು ಒಳಗೆ ಮುಟ್ಟುತ್ತದೆ.
- ಸೋರುವ ಕಿವಿಯವರು ಕೆರೆ, ಹೊಳೆ, ಸ್ವಿಮ್ಮಿಂಗ್ ಪೂಲ್‌ಗೆ ಇಳಿಯಬಾರದು. ಸ್ನಾನ ಮಾಡುವಾಗ ಹತ್ತಿಗೆ ವ್ಯಾಸಲೀನ್ ಸವರಿ ಕಿವಿಯ ಬಾಯಿಗೆ ಇಟ್ಟುಕೊಳ್ಳಿ, ಸ್ನಾನ ಆದ ಕೂಡಲೇ ತೆಗೆಯಿರಿ. ಇಡೀ ದಿನ ಹತ್ತಿ ತುರುಕಿಡುವುದು ಬೇಡ.

ಊರಿನಲ್ಲಿ ಎಲ್ಲಿ ತೋರಿಸುವುದು?

ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬರುತ್ತದೆ. 2013ರಲ್ಲಿ ಶುರುವಾದ ಈ ಯೋಜನೆಯಲ್ಲಿ 18 ವರ್ಷದವರೆಗಿನ ಮಕ್ಕಳ ತಪಾಸಣೆ ಉಚಿತ. ನೋಡಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಕಿವಿ ಸೋಂಕು, ಶ್ರವಣ ದೋಷ ಎರಡೂ ಇವೆ. ತಂಡ ಬಂದ ದಿನ ನಿಮ್ಮ ಮಗು ರಜೆ ಇತ್ತೇ ಅಂತ ಟೀಚರ್ ಹತ್ತಿರ ವಿಚಾರಿಸಿ. ಕಿವುಡುತನ ತಡೆಗೆಂದೇ ಕೇಂದ್ರ ಸರ್ಕಾರ 2007ರಲ್ಲಿ ಶುರು ಮಾಡಿದ ರಾಷ್ಟ್ರೀಯ ಕಾರ್ಯಕ್ರಮವೂ ಇದೆ. ಜಿಲ್ಲಾ ಆಸ್ಪತ್ರೆಯ ಇಎನ್‌ಟಿ ವಿಭಾಗದಲ್ಲಿ ಕೇಳಿ.

ಮಂಗಳೂರಿನಲ್ಲಿ ವೆನ್ಲಾಕ್ ಜಿಲ್ಲಾ ಆಸ್ಪತ್ರೆ, ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಬಳಗದ ಶ್ರೀ ವೆಂಕಟೇಶ್ವರ ಇಎನ್‌ಟಿ ಸಂಸ್ಥೆ ಸರ್ಕಾರಿ ಜಾಗಗಳು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಶುರುವಾದದ್ದು, ಕೇಳಿಸುವಿಕೆ ಮತ್ತು ಮಾತಿನ ತೊಂದರೆಗೆ ಇಡೀ ದೇಶದಿಂದ ಜನ ಬರುವ ಸಂಸ್ಥೆ. ಕೇಳಿಸದ ಕಾರಣ ಮಾತು ತಡವಾದ ಮಗುವಿಗೆ ಎರಡರ ತಪಾಸಣೆಯೂ ಅಲ್ಲಿ ಒಂದೇ ಕಡೆ ಸಿಗುತ್ತದೆ.

ಹೋದಾಗ ಎರಡು ಪರೀಕ್ಷೆಯ ಹೆಸರು ನೆನಪಿರಲಿ. ಟಿಂಪನೊಮೆಟ್ರಿ ನಡುಕಿವಿಯಲ್ಲಿ ನೀರಿದೆಯೇ ಅಂತ ಹೇಳುತ್ತದೆ. ಕೆಲವೇ ನಿಮಿಷದ ಕೆಲಸ, ನೋವಿಲ್ಲ. ಆಡಿಯೋಗ್ರಾಂ ಎಷ್ಟು ಡೆಸಿಬಲ್ ಕೇಳಿಸುತ್ತದೆ ಅಂತ ಹೇಳುತ್ತದೆ. ತೀರಾ ಸಣ್ಣ ಮಕ್ಕಳಿಗೆ ನಿದ್ದೆಯಲ್ಲಿ ಮಾಡುವ ಓಎಇ, ಬೆರಾ ಪರೀಕ್ಷೆಗಳಿವೆ. ರಿಪೋರ್ಟಿನ ಫೋಟೋ ತೆಗೆದು ಫೋನಿನಲ್ಲಿಟ್ಟುಕೊಳ್ಳಿ. ಆರು ತಿಂಗಳ ನಂತರದ ರಿಪೋರ್ಟಿನ ಜೊತೆ ಹೋಲಿಸಿ ನೋಡಲು ಬೇಕಾಗುತ್ತದೆ.

ಗಲ್ಫ್‌ನಲ್ಲಿ ಕೆಲಸ ಮಾಡುವವರಿಗೆ

*ವಿಮಾನ:* ಶೀತ ಇದ್ದಾಗ ಯೂಸ್ಟೇಶಿಯನ್ ಕೊಳವೆ ಊದಿಕೊಂಡಿರುತ್ತದೆ. ವಿಮಾನ ಇಳಿಯುವಾಗ ಹೊರಗಿನ ಒತ್ತಡ ಏರುತ್ತದೆ, ಒಳಗಿನದು ಸರಿದೂಗುವುದಿಲ್ಲ, ಕಿವಿ ಒಡೆಯುವ ಹಾಗೆ ನೋವು. ಇಳಿಯುವ ಹೊತ್ತಿನಲ್ಲಿ ನಿದ್ದೆ ಮಾಡಬೇಡಿ. ಮಿಠಾಯಿ ಚೀಪಿ, ಉಗುಳು ನುಂಗುತ್ತಾ ಇರಿ. ಹಸುಗೂಸಿಗೆ ಆಗ ಹಾಲು ಕೊಡಿ. ಕಿವಿ ಸೋಂಕು ಜೋರಾಗಿದ್ದರೆ ಡಾಕ್ಟರನ್ನು ಕೇಳದೆ ಹತ್ತಬೇಡಿ.

*ಸದ್ದು:* ಎಂಟು ಗಂಟೆ ಕೆಲಸಕ್ಕೆ 85 ಡೆಸಿಬಲ್ ಮೇಲಿನ ಸದ್ದು ಒಳಕಿವಿಗೆ ಹಾನಿ. ಸೈಟ್, ವರ್ಕ್‌ಶಾಪ್, ಜನರೇಟರ್ ರೂಮಿನಲ್ಲಿರುವವರು ಇದನ್ನು ಬಲ್ಲಿರಿ. ಕಿವಿ ಸೋರುತ್ತಿದ್ದರೆ ಒಳಗೆ ತುರುಕುವ ಇಯರ್‌ಪ್ಲಗ್ ಹಾಕಬೇಡಿ, ಬೆವರು-ಕೀವು ಒಳಗೇ ಉಳಿಯುತ್ತದೆ. ಸೇಫ್ಟಿ ಆಫೀಸರ್ ಹತ್ತಿರ ಮೇಲಿಂದ ಮುಚ್ಚುವ ಇಯರ್‌ಮಫ್ ಕೇಳಿ. ರಿವರ್ಸ್ ಬರುವ ಗಾಡಿಯ ಹಾರ್ನ್ ಕೇಳಿಸದಿದ್ದರೆ ಅಪಾಯ ಜೀವಕ್ಕೇ. ಕೆಲಸ ಹೋದೀತು ಅಂತ ಕಿವಿ ತೊಂದರೆ ಮುಚ್ಚಿಡುವವರಿದ್ದಾರೆ. ನಡುಕಿವಿಯ ತೊಂದರೆ ಹೆಚ್ಚಾಗಿ ವಾಸಿಯಾಗುವಂಥದ್ದು ಅಂತ ಅವರಿಗೆ ತಿಳಿಸಿ.

*ಒಂದೇ ಕಿವಿ ಮುಚ್ಚಿದ ದೊಡ್ಡವರು:* ದೊಡ್ಡವರಿಗೆ ಶೀತವಿಲ್ಲದೆ ಒಂದೇ ಕಿವಿಯಲ್ಲಿ ನೀರು ನಿಂತು ವಾರಗಟ್ಟಲೆ ಇಳಿಯದಿದ್ದರೆ ಇಎನ್‌ಟಿ ಡಾಕ್ಟರು ಮೂಗಿನ ಹಿಂಭಾಗವನ್ನೂ ನೋಡಬೇಕು. ಅಲ್ಲಿನ ಗಡ್ಡೆ ಕೊಳವೆಯನ್ನು ಒತ್ತಿರುವ ಸಾಧ್ಯತೆ ಅಪರೂಪಕ್ಕೆ ಇರುತ್ತದೆ.

*ರಜೆ ಮತ್ತು ಆಪರೇಷನ್:* ತಮಟೆ ತೂತಿಗೆ ತೇಪೆ ಹಾಕುವ ಆಪರೇಷನ್‌ಗೆ ಟಿಂಪನೋಪ್ಲಾಸ್ಟಿ ಅನ್ನುತ್ತಾರೆ. ಆಪರೇಷನ್ ಆದ ಮೇಲೆ ಹಲವು ವಾರ ವಿಮಾನ, ಭಾರ ಎತ್ತುವುದು, ಜೋರಾಗಿ ಮೂಗು ಸೀಟುವುದು ಬೇಡ ಅನ್ನುತ್ತಾರೆ. 30 ದಿನದ ರಜೆಯಲ್ಲಿ ಮೂರನೇ ವಾರಕ್ಕೆ ಆಪರೇಷನ್ ಮಾಡಿಸಿಕೊಂಡು ನಾಲ್ಕನೇ ವಾರಕ್ಕೆ ವಿಮಾನ ಹತ್ತಿದರೆ ತೇಪೆ ಬಿದ್ದುಹೋಗಬಹುದು. ಖರ್ಚೂ ದಂಡ, ಕಿವಿಯೂ ಮೊದಲಿನ ಹಾಗೆ. ಇಲ್ಲಿರುವಾಗಲೇ ಆಡಿಯೋಗ್ರಾಂ ಮಾಡಿಸಿ, ಕಿವಿ ಒಣಗಿಸಿಕೊಂಡು, ಊರಿನ ಡಾಕ್ಟರ ಹತ್ತಿರ ದಿನ ಗೊತ್ತುಮಾಡಿ, ಬಂದ ಮೊದಲ ವಾರದಲ್ಲೇ ಮುಗಿಸಿ. ಟಿಕೆಟ್ ತೆಗೆಯುವ ಮೊದಲು "ಯಾವಾಗ ವಿಮಾನ ಹತ್ತಬಹುದು" ಅಂತ ಕೇಳಿ.

ಖರ್ಚಿನ ಲೆಕ್ಕ

ಗಲ್ಫ್‌ನ ಬಹುತೇಕ ಮೂಲ ಪಾಲಿಸಿಗಳಲ್ಲಿ ಹಿಯರಿಂಗ್ ಏಡ್ ಸೇರಿರುವುದಿಲ್ಲ. ಇಎನ್‌ಟಿ ಕನ್ಸಲ್ಟೇಶನ್ ಸೇರಿರುತ್ತದೆ, ಆಪರೇಷನ್‌ಗೆ ಮುಂಚೆ ಅಪ್ರೂವಲ್ ಬೇಕು. "ಹೊರಗಿಟ್ಟ ಸೇವೆಗಳು" ಅನ್ನುವ ಪುಟವನ್ನು ಮೊದಲು ಓದಿ. ಅರ್ಥವಾಗದಿದ್ದರೆ ಆಫೀಸಿನ ಅಕೌಂಟ್ಸ್ ಅಥವಾ ಎಚ್‌ಆರ್‌ನವರನ್ನು ಕೇಳಲು ಸಂಕೋಚ ಬೇಡ.

ಊರಿನಲ್ಲಿರುವ ಕುಟುಂಬಕ್ಕೆ 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷ ಮಿತಿ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದ ಚಿಕಿತ್ಸೆಗೆ ಅಲ್ಲಿಂದಲೇ ರೆಫರಲ್ ಪಡೆಯಬೇಕು. ನೇರ ಖಾಸಗಿ ಆಸ್ಪತ್ರೆಗೆ ಹೋಗಿ ದುಡ್ಡು ಕಟ್ಟಿದ ಮೇಲೆ ಕೇಳಿದರೆ ಸಿಗುವುದಿಲ್ಲ. ನಿಮ್ಮ ಆಪರೇಷನ್ ಪಟ್ಟಿಯಲ್ಲಿದೆಯೇ ಅಂತ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಮೊದಲೇ ವಿಚಾರಿಸಿ.

ಬರದಂತೆ ತಡೆಯುವುದು

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮಕ್ಕಳಲ್ಲಿ ಕಾಣುವ ಶ್ರವಣ ನಷ್ಟದಲ್ಲಿ ಶೇ. 60ರಷ್ಟು ತಡೆಯಬಹುದಾದ ಕಾರಣಗಳಿಂದ ಆದದ್ದು.

- ಆರು ತಿಂಗಳವರೆಗೆ ಎದೆಹಾಲು ಮಾತ್ರ. ಬಾಟಲಿ ಹಾಲನ್ನು ಮಲಗಿಸಿ ಕೊಡಬೇಡಿ, ತಲೆ ಎತ್ತಿ ಹಿಡಿದು ಕೊಡಿ.
- ನ್ಯೂಮೊಕಾಕಲ್ ಲಸಿಕೆ ಹಾಕಿಸಿ. ಭಾರತದ ಸರ್ಕಾರಿ ಪಟ್ಟಿಗೆ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಸೇರಿ, 2021ರಲ್ಲಿ ದೇಶದ ಎಲ್ಲೆಡೆಗೆ ಬಂತು. ಒಂದೂವರೆ ತಿಂಗಳು, ಮೂರೂವರೆ ತಿಂಗಳು, ಒಂಬತ್ತು ತಿಂಗಳಿಗೆ ಉಚಿತ. ತಾಯಿ ಕಾರ್ಡ್ ತೆಗೆದು ಮೂರೂ ಟಿಕ್ ಆಗಿದೆಯೇ ನೋಡಿ.
- ಬೀಡಿ-ಸಿಗರೇಟ್, ಒಲೆಯ ಹೊಗೆ ಮಗುವಿನ ಹತ್ತಿರ ಬೇಡ.
- ಶೀತ ಬಂದಾಗ ಎರಡೂ ಮೂಗು ಹಿಡಿದು ಸೀಟಿಸಬೇಡಿ, ಒಂದೊಂದಾಗಿ ಮೆಲ್ಲಗೆ.
- ಕೆನ್ನೆಗೆ, ಕಿವಿಗೆ ಹೊಡೆಯಬೇಡಿ. ಒಂದೇ ಪೆಟ್ಟಿಗೆ ತಮಟೆ ಹರಿಯಬಹುದು.

ಕೂಡಲೇ ಆಸ್ಪತ್ರೆಗೆ ಹೋಗಬೇಕಾದ್ದು

ಕಿವಿಯ ಹಿಂದೆ ಊತ ಬಂದು ಹಾಲೆ ಮುಂದಕ್ಕೆ ನೂಕಿದಂತಾದರೆ, ಬಾಯಿ ಸೊಟ್ಟಗಾದರೆ, ಜೋರು ತಲೆಸುತ್ತು ಬಂದರೆ, ಕಿವಿನೋವಿನ ಜೊತೆ ಜೋರು ತಲೆನೋವು, ವಾಂತಿ, ಕುತ್ತಿಗೆ ಬಿಗಿತ ಇದ್ದರೆ, ಮಗು ಮಂಕಾಗಿ ಏಳದಿದ್ದರೆ ಬೆಳಗಾಗುವವರೆಗೆ ಕಾಯಬೇಡಿ. ಸೋಂಕು ನಡುಕಿವಿ ದಾಟಿದೆ ಅಂತ ಅರ್ಥ.

ಉಳಿದೆಲ್ಲ ಸಂದರ್ಭಕ್ಕೂ ಕ್ಯಾಲೆಂಡರ್ ಸಾಕು. ಕಿವಿನೋವು ಬಂದ ದಿನ ಬರೆದಿಡಿ. ಡಾಕ್ಟರು ಹೇಳಿದ ದಿನ ಮತ್ತೆ ತೋರಿಸಿ. ಕೇಳಿಸುವುದು ಕಡಿಮೆ ಅಂತ ಅನುಮಾನ ಇದ್ದರೆ, ಮಾತು ತಡವಾಗಿದ್ದರೆ ಕೂಡಲೇ ಪರೀಕ್ಷೆ ಮಾಡಿಸಿ. ಇಲ್ಲದಿದ್ದರೂ ಮೂರು ತಿಂಗಳಿಗೆ ಒಮ್ಮೆ ಕಿವಿ ನೋಡಿಸಿ, ನೀರು ಇನ್ನೂ ಇದ್ದರೆ ಆಡಿಯೋಗ್ರಾಂ ಮಾಡಿಸಿ. ಇಂದು ಊರಿಗೆ ಫೋನ್ ಮಾಡಿದಾಗ ಮಗುವಿಗೆ ಫೋನನ್ನು ಇನ್ನೊಂದು ಕಿವಿಗೂ ಹಿಡಿಯಲು ಹೇಳಿ ನೋಡಿ.